ಅದು ಹೇಗೆ ಗೊತ್ತಾಯ್ತು? ವಿಜ್ಞಾನ ಮತ್ತು ನಿಸರ್ಗದ ಹೊಸ ಸಂಗತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಚಿನ ಕೆಲವು ವರ್ಷಗಳಲ್ಲಿ ಸುದ್ದಿಯಾದ ವಿಚಿತ್ರ ಸಂಗತಿಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರ ಬರೆಯುವಾಗ ಒಂದು ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ: ಅದು ಗೊತ್ತಾಗಿದ್ದು ಹೇಗೆ? ಏನು ಸಿಕ್ಕಿತು ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಸ್ವಾರಸ್ಯ ಇರುವುದು ಅದು ಸಿಕ್ಕಿದ ಬಗೆಯಲ್ಲಿ. ಸುದ್ದಿಯನ್ನು ಎಷ್ಟು ನಂಬಬೇಕು ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಪೆಂಗ್ವಿನ್‌ಗಳು ದಿನಕ್ಕೆ ಹತ್ತು ಸಾವಿರ ಸಲ ನಿದ್ದೆ ಮಾಡುತ್ತವೆ ಅಂತ ಓದಿದೆ. ನಿಜಾನಾ?

ನಿಜ. ಆದರೆ ಎಲ್ಲ ಪೆಂಗ್ವಿನ್‌ಗಳ ಮಾತಲ್ಲ ಇದು. ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಗೂಡು ಕಾಯುತ್ತಿದ್ದ ಚಿನ್‌ಸ್ಟ್ರಾಪ್ ಜಾತಿಯ ಪೆಂಗ್ವಿನ್‌ಗಳ ಮೇಲೆ ನಡೆದ ಅಧ್ಯಯನ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದೊಂದು ತೂಕಡಿಕೆ ಸರಾಸರಿ 4 ಸೆಕೆಂಡು. ದಿನಕ್ಕೆ 10,000ಕ್ಕೂ ಹೆಚ್ಚು ಸಲ. ಎಲ್ಲ ಕೂಡಿಸಿದರೆ 11 ಗಂಟೆಗೂ ಜಾಸ್ತಿ ನಿದ್ದೆ!

ಸುಮ್ನೆ ಕಣ್ಣು ಮುಚ್ಚಿದ್ದನ್ನು ಎಣಿಸಿ ಹೇಳಿದ ಲೆಕ್ಕವಲ್ಲ. 14 ಹಕ್ಕಿಗಳಿಗೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಪುಟ್ಟ ಸಾಧನ ಜೋಡಿಸಿದ್ದರು. ಕಣ್ಣು ಮುಚ್ಚಿದ ಆ ಕ್ಷಣಗಳಲ್ಲಿ ಗಾಢ ನಿದ್ದೆಯ ಅಲೆಗಳೇ ಕಾಣಿಸಿದವು. ಹೀಗೆ ತುಂಡು ತುಂಡಾಗಿ ಮಲಗುವುದಕ್ಕೆ ಕಾರಣ ಇದೆ. ಗಂಡು ಹೆಣ್ಣಿನಲ್ಲಿ ಒಂದು ಸಮುದ್ರಕ್ಕೆ ಹೋದರೆ ಇನ್ನೊಂದು ಒಂಟಿಯಾಗಿ ಮೊಟ್ಟೆ ಕಾಯಬೇಕು. ಸ್ಕುವಾ ಅನ್ನುವ ಹಕ್ಕಿ ಮೊಟ್ಟೆ ಕದಿಯಲು ಹೊಂಚು ಹಾಕುತ್ತಿರುತ್ತದೆ. ಅಕ್ಕಪಕ್ಕದ ಪೆಂಗ್ವಿನ್‌ಗಳೂ ಗೂಡಿನ ಕಲ್ಲು ಎತ್ತಿಕೊಂಡು ಹೋಗುತ್ತವೆ. ಗುಂಪಿನ ಅಂಚಿನಲ್ಲಿದ್ದ ಹಕ್ಕಿಗಳಿಗೆ ಅಪಾಯ ಜಾಸ್ತಿ, ಹಾಗಾಗಿ ಅವು ಕಡಿಮೆ ಮಲಗಬೇಕು ಅಂತ ಸಂಶೋಧಕರು ಎಣಿಸಿದ್ದರು. ಆಗಿದ್ದು ಉಲ್ಟಾ. ಅಂಚಿನವು ಚೆನ್ನಾಗಿ ಮಲಗಿದವು. ಗದ್ದಲ, ತಳ್ಳಾಟದ ನಡುವೆ ಇದ್ದವಕ್ಕೇ ನಿದ್ದೆ ಕಡಿಮೆ.

ಹಾಗಾದರೆ ಮನುಷ್ಯರಿಗೂ ಚಿಕ್ಕ ಚಿಕ್ಕ ನಿದ್ದೆ ಸಾಕಾ?

ಸಾಲದು. ನಮಗೆ ಅಂಥ ತೂಕಡಿಕೆ ಬರುವುದು ನಿದ್ದೆಗೆಟ್ಟಾಗ, ಗಾಡಿ ಓಡಿಸುವಾಗ ಬಂದರೆ ಪ್ರಾಣಕ್ಕೇ ಅಪಾಯ. ಪೆಂಗ್ವಿನ್‌ಗಳ ದೇಹ ಇದಕ್ಕೆ ಒಗ್ಗಿಕೊಂಡಿದೆ, ಮರಿಗಳನ್ನೂ ಚೆನ್ನಾಗಿ ಸಾಕುತ್ತವೆ. ಅಷ್ಟರಿಂದ ನಮ್ಮ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಗಾಜುಕಪ್ಪೆ ಪಾರದರ್ಶಕವಾಗಿರುವುದು ಹೇಗೆ? ರಕ್ತವಾದರೂ ಕೆಂಪಗೆ ಕಾಣಬೇಕಲ್ವಾ?

ಬಹಳ ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆ ಸಂಶೋಧಕರನ್ನೂ ಕಾಡಿತ್ತು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಇರುವ ಈ ಕಪ್ಪೆಗಳು ಹಗಲು ಹೊತ್ತು ಎಲೆಯ ಅಡಿಗೆ ಅಂಟಿಕೊಂಡು ಮಲಗುತ್ತವೆ. ಚರ್ಮ, ಸ್ನಾಯು ಎಲ್ಲ ಪಾರದರ್ಶಕವಾದರೂ ರಕ್ತನಾಳಗಳಲ್ಲಿ ಹರಿಯುವ ಕೆಂಪು ಕಣಗಳು ಬೆಳಕನ್ನು ಹೀರುತ್ತವೆ. ಅವು ಇದ್ದರೆ ಕಪ್ಪೆ ಕಂಡೇ ಕಾಣುತ್ತದೆ.

2022ರ ಕೊನೆಗೆ ಉತ್ತರ ಸಿಕ್ಕಿತು. ಮಲಗಿದಾಗ ಈ ಕಪ್ಪೆ ತನ್ನ ಕೆಂಪು ರಕ್ತಕಣಗಳಲ್ಲಿ ಸುಮಾರು 89 ಶೇಕಡಾವನ್ನು ಯಕೃತ್ತಿನೊಳಗೆ ಕೂಡಿಹಾಕುತ್ತದೆ. ಯಕೃತ್ತಿನ ಹೊರಗೆ ಬೆಳಕನ್ನು ಪ್ರತಿಫಲಿಸುವ ಹರಳುಗಳ ಹೊದಿಕೆ ಇದೆ, ಹಾಗಾಗಿ ಒಳಗಿನ ಕೆಂಪು ಹೊರಗೆ ಕಾಣುವುದಿಲ್ಲ. ಉಳಿದ ಮೈಯಲ್ಲಿ ಹರಿಯುವುದು ಹೆಚ್ಚುಕಡಿಮೆ ಬಣ್ಣವಿಲ್ಲದ ದ್ರವ. ಎದ್ದು ಓಡಾಡಲು ಶುರು ಮಾಡಿದ ಕೂಡಲೇ ಕಣಗಳು ಮತ್ತೆ ರಕ್ತನಾಳಕ್ಕೆ ಇಳಿಯುತ್ತವೆ.

ಇದನ್ನು ಕಂಡುಹಿಡಿಯುವುದು ಕಷ್ಟವಾಗಿದ್ದು ಯಾಕೆ ಗೊತ್ತಾ? ಕಪ್ಪೆ ಎಚ್ಚರವಿದ್ದರೆ ರಕ್ತ ಹರಿಯುತ್ತದೆ. ಅರಿವಳಿಕೆ ಕೊಟ್ಟರೂ ರಕ್ತ ಹರಿಯುತ್ತದೆ. ಕೊಯ್ದು ನೋಡಿದರಂತೂ ಮುಗಿದೇಹೋಯಿತು. ಅದು ತಾನಾಗಿ ನೆಮ್ಮದಿಯಿಂದ ಮಲಗಿರುವಾಗಲೇ, ಮುಟ್ಟದೆ, ಒಳಗೆ ನೋಡಬೇಕಿತ್ತು. ಅದಕ್ಕೆ ಲೇಸರ್ ಬೆಳಕು ಮತ್ತು ಶಬ್ದ ಎರಡನ್ನೂ ಬಳಸುವ ಉಪಾಯ ಮಾಡಿದರು. ಕೆಂಪು ಕಣ ಲೇಸರ್ ಬೆಳಕನ್ನು ಹೀರಿದಾಗ ಅತಿ ಸಣ್ಣ ಶಬ್ದದ ಅಲೆ ಹೊರಡುತ್ತದೆ. ಆ ಅಲೆ ಎಲ್ಲಿಂದ ಬಂತು ಅಂತ ಹಿಡಿದರೆ ಕಣಗಳು ಎಲ್ಲಿವೆ ಅನ್ನುವ ಚಿತ್ರ ಸಿಗುತ್ತದೆ.

ನನಗೆ ಇದರಲ್ಲಿ ಇನ್ನೂ ದೊಡ್ಡದಾಗಿ ಕಾಣುವುದು ಬೇರೆ ವಿಷಯ. ಇಷ್ಟು ಕಣಗಳನ್ನು ಒಂದೇ ಕಡೆ ಒತ್ತಿ ತುಂಬಿದರೂ ರಕ್ತ ಹೆಪ್ಪುಗಟ್ಟುವುದಿಲ್ಲ. ಅದೇ ಕಪ್ಪೆಗೆ ಗಾಯವಾದರೆ ಸರಿಯಾಗಿ ಹೆಪ್ಪುಗಟ್ಟುತ್ತದೆ. ಯಾವಾಗ ಗಟ್ಟಿಯಾಗಬೇಕು, ಯಾವಾಗ ಬೇಡ ಅನ್ನುವುದು ಅದರ ದೇಹಕ್ಕೆ ಹೇಗೋ ತಿಳಿದಿದೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿ ಎಷ್ಟೊಂದು ಜನ ಸಾಯುತ್ತಾರೆ ಅಂತ ಯೋಚಿಸಿದರೆ, ಈ ಪುಟ್ಟ ಕಪ್ಪೆಯ ಗುಟ್ಟಿಗೆ ಎಷ್ಟು ಬೆಲೆ ಅನ್ನುವುದು ಅರ್ಥವಾಗುತ್ತದೆ.

ಆಕ್ಟೋಪಸ್ ಕನಸು ಕಾಣುತ್ತದಾ?

ಕಾಣುತ್ತದೆ ಅಂತ ಹೇಳುವ ಹಾಗಿಲ್ಲ. ಏನು ಕಂಡೆ ಅಂತ ಅದು ಹೇಳಬೇಕಲ್ಲ. ಆದರೆ ಅದರ ನಿದ್ದೆಯಲ್ಲಿ ಎರಡು ಬಗೆ ಇದೆ ಅನ್ನುವುದು ಗಟ್ಟಿ. ಜಪಾನಿನ ಓಕಿನಾವಾದಲ್ಲಿ ನಡೆದು 2023ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನದ ಪ್ರಕಾರ, ಶಾಂತವಾಗಿ ಮಲಗಿದ ಆಕ್ಟೋಪಸ್ ಗಂಟೆಗೊಮ್ಮೆ ಸುಮಾರು ಒಂದು ನಿಮಿಷ ಚಡಪಡಿಸುತ್ತದೆ. ಕಣ್ಣು ಅಲುಗಾಡುತ್ತದೆ, ಉಸಿರು ಏರುತ್ತದೆ, ಮೈಬಣ್ಣ ಸರಸರ ಬದಲಾಗುತ್ತದೆ. ಆ ಹೊತ್ತಿನಲ್ಲಿ ಮಿದುಳಿನ ಚಟುವಟಿಕೆ ಎಚ್ಚರದಲ್ಲಿ ಇದ್ದ ಹಾಗೇ ಇರುತ್ತದೆ. ಬಣ್ಣದ ಚಿತ್ತಾರಗಳೂ ಅಷ್ಟೇ, ಎಚ್ಚರವಿದ್ದಾಗ ಬೇಟೆಗೋ ಬಚ್ಚಿಟ್ಟುಕೊಳ್ಳಲಿಕ್ಕೋ ತಾಳುವ ಬಣ್ಣಗಳನ್ನೇ ಹೋಲುತ್ತವೆ.

ನಮಗೂ ಆಕ್ಟೋಪಸ್‌ಗೂ ವಂಶ ಬೇರೆಯಾಗಿ 50 ಕೋಟಿ ವರ್ಷಕ್ಕೂ ಮೇಲಾಯಿತು. ಎರಡು ಹಂತದ ನಿದ್ದೆ ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ ಅಂದರೆ, ಚುರುಕಾದ ಮಿದುಳಿಗೆ ಅದು ಬೇಕೇ ಬೇಕೇನೋ ಅನ್ನುವ ಅನುಮಾನ ಬರುತ್ತದೆ.

ಆನೆಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆ ಅನ್ನುವುದು ಸಾಬೀತಾಗಿದೆಯಾ?

ಬಲವಾದ ಸುಳಿವು ಸಿಕ್ಕಿದೆ ಅನ್ನುವುದು ಸರಿಯಾದ ಮಾತು. ಕೀನ್ಯಾದ ಸಂಬೂರು ಮತ್ತು ಅಂಬೋಸೆಲಿ ಪ್ರದೇಶದ ಆಫ್ರಿಕನ್ ಆನೆಗಳ 469 ಕರೆಗಳನ್ನು ಕಂಪ್ಯೂಟರ್‌ಗೆ ಕಲಿಸಿ, ಕರೆ ಕೇಳಿದರೆ ಅದು ಯಾವ ಆನೆಯನ್ನು ಕರೆದದ್ದು ಅಂತ ಹೇಳಲು ಬಿಟ್ಟರು. 27.5 ಶೇಕಡಾ ಸಲ ಸರಿಯಾಗಿ ಹೇಳಿತು. ಕಡಿಮೆ ಅನ್ನಿಸುತ್ತದಾ? ನೂರಕ್ಕೂ ಹೆಚ್ಚು ಆನೆಗಳಲ್ಲಿ ಒಂದನ್ನು ಆರಿಸಬೇಕು. ಸುಮ್ನೆ ಊಹೆ ಮಾಡಿದರೆ ಅದರ ಹತ್ತಿರವೂ ಬರುವುದಿಲ್ಲ.

ಕಂಪ್ಯೂಟರ್ ಲೆಕ್ಕಕ್ಕಿಂತ ನನಗೆ ಹಿಡಿಸಿದ್ದು ಆಮೇಲಿನ ಪರೀಕ್ಷೆ. 17 ಆನೆಗಳಿಗೆ ಧ್ವನಿವರ್ಧಕದಲ್ಲಿ ಎರಡು ಕರೆ ಕೇಳಿಸಿದರು. ಕರೆದ ಆನೆ ಒಂದೇ. ಆದರೆ ಒಂದು ಕರೆ ತನ್ನನ್ನೇ ಕರೆದದ್ದು, ಇನ್ನೊಂದು ಬೇರೆ ಯಾರನ್ನೋ. ತನ್ನ ಕರೆ ಕೇಳಿದಾಗ ಆನೆಗಳು ಬೇಗ ಓಗೊಟ್ಟವು, ಶಬ್ದ ಬಂದ ಕಡೆಗೆ ಬೇಗ ನಡೆದವು. ಈ ಕರೆ ಎದೆಯಾಳದಿಂದ ಬರುವ ಗುಡುಗುವಂಥ ದನಿ, ಅದರ ಒಂದು ಭಾಗ ನಮ್ಮ ಕಿವಿಗೆ ಕೇಳುವುದೇ ಇಲ್ಲ. ಆ ದನಿಯಲ್ಲಿ ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬಿಡಿಸಲು ಸಂಶೋಧಕರಿಗೆ ಸಾಧ್ಯವಾಗಿಲ್ಲ. ಅಧ್ಯಯನ ಬಂದಿದ್ದು 2024ರಲ್ಲಿ.

ಒರಾಂಗುಟಾನ್ ತನ್ನ ಗಾಯಕ್ಕೆ ತಾನೇ ಔಷಧಿ ಹಚ್ಚಿಕೊಂಡಿತಂತೆ?

ಹೌದು. ಸುಮಾತ್ರಾ ದ್ವೀಪದ ಕಾಡಿನಲ್ಲಿ ರಾಕಸ್ ಅನ್ನುವ ಗಂಡು ಒರಾಂಗುಟಾನ್. 2022ರ ಜೂನ್‌ನಲ್ಲಿ ಅದರ ಬಲಗಣ್ಣಿನ ಕೆಳಗೆ ಗಾಯವಾಗಿದ್ದನ್ನು ಸಂಶೋಧಕರು ನೋಡಿದರು. ಬಹುಶಃ ಇನ್ನೊಂದು ಗಂಡಿನ ಜೊತೆ ಕಾದಾಟದಲ್ಲಿ ಆಗಿದ್ದು. ಮೂರು ದಿನದ ಮೇಲೆ ರಾಕಸ್ ಒಂದು ಬಳ್ಳಿಯ ಎಲೆ ಕಿತ್ತು ಅಗಿಯಿತು. ನುಂಗಲಿಲ್ಲ. ಬಾಯಲ್ಲಿನ ರಸವನ್ನು ಬೆರಳಿನಿಂದ ಗಾಯಕ್ಕೆ ಮತ್ತೆ ಮತ್ತೆ ಹಚ್ಚಿತು, ಸುಮಾರು ಏಳು ನಿಮಿಷ. ಕೊನೆಗೆ ಅಗಿದ ಸೊಪ್ಪನ್ನೇ ಗಾಯದ ಮೇಲೆ ಮೆತ್ತಿತು. ಒಂದು ವಾರದೊಳಗೆ ಗಾಯ ಮುಚ್ಚಿಕೊಂಡಿತು, ತಿಂಗಳಾಗುವಷ್ಟರಲ್ಲಿ ಕಲೆ ಮಾತ್ರ ಉಳಿಯಿತು. ಆ ಭಾಗದ ಜನ ಅದೇ ಬಳ್ಳಿಯನ್ನು ಮಲೇರಿಯಾ, ಭೇದಿಗಳಿಗೆ ನಾಟಿ ಔಷಧಿಯಾಗಿ ಬಳಸುತ್ತಾರೆ.

ರಸ ಹಚ್ಚಿದ್ದು ಗಾಯಕ್ಕೆ ಮಾತ್ರ, ಮೈಯ ಬೇರೆ ಯಾವ ಜಾಗಕ್ಕೂ ಅಲ್ಲ. ಬೇಕಂತಲೇ ಮಾಡಿದ್ದು ಅನ್ನುವುದಕ್ಕೆ ಸಂಶೋಧಕರು ಕೊಡುವ ಆಧಾರ ಇದು. ಆದರೆ ನೋಡಿದ್ದು ಒಂದೇ ಪ್ರಾಣಿಯಲ್ಲಿ. ರಾಕಸ್ ಇದನ್ನು ತಾನೇ ಕಂಡುಕೊಂಡಿತಾ, ತನ್ನ ಹುಟ್ಟೂರಿನ ಕಾಡಿನಲ್ಲಿ ಬೇರೆಯವರನ್ನು ನೋಡಿ ಕಲಿತಿತ್ತಾ ಅನ್ನುವುದಕ್ಕೆ ಇನ್ನೂ ಉತ್ತರವಿಲ್ಲ.

ಗಿಡಗಳು ನೋವಿನಿಂದ ಕಿರುಚುತ್ತವಾ?

ಶಬ್ದ ಬರುತ್ತದೆ. ನೋವೂ ಇಲ್ಲ, ಕಿರುಚುವುದೂ ಇಲ್ಲ. ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಟೊಮೆಟೊ ಮತ್ತು ತಂಬಾಕಿನ ಗಿಡಗಳ ಹತ್ತಿರ ಮೈಕ್ರೋಫೋನ್ ಇಟ್ಟರು. ನೀರು ನಿಲ್ಲಿಸಿದ ಅಥವಾ ಕಾಂಡ ಕತ್ತರಿಸಿದ ಗಿಡಗಳಿಂದ ಗಂಟೆಗೆ 30ರಿಂದ 50 ಸಲ ‘ಟಕ್’ ಅನ್ನುವ ಶಬ್ದ. ಚೆನ್ನಾಗಿದ್ದ ಗಿಡದಿಂದ ಗಂಟೆಗೆ ಒಂದೂ ಕಷ್ಟ. 40ರಿಂದ 80 ಕಿಲೋಹರ್ಟ್ಸ್ ನಡುವಿನ ಶಬ್ದವಾದ್ದರಿಂದ ನಮ್ಮ ಕಿವಿಗೆ ಸಿಗುವುದಿಲ್ಲ. ಕಾಂಡದೊಳಗೆ ನೀರು ಏರುವ ಕೊಳವೆಗಳಲ್ಲಿ ಗಾಳಿಗುಳ್ಳೆ ಎದ್ದು ಒಡೆಯುವುದೇ ಇದಕ್ಕೆ ಕಾರಣ ಇರಬೇಕು ಅನ್ನುವುದು ಅವರ ವಿವರಣೆ.

ಗಿಡ ಯಾರಿಗೂ ಏನನ್ನೂ ಹೇಳುತ್ತಿಲ್ಲ. ಆದರೆ ಕೇಳಿಸಿಕೊಳ್ಳುವವರು ಇದ್ದಾರೆ. ಅದೇ ಗುಂಪಿನ 2025ರ ಅಧ್ಯಯನದಲ್ಲಿ, ಮೊಟ್ಟೆ ಇಡಲು ಜಾಗ ಹುಡುಕುವ ಹೆಣ್ಣು ಪತಂಗಗಳು ಇಂಥ ಶಬ್ದ ಬರುವ ಟೊಮೆಟೊ ಗಿಡಗಳನ್ನು ಬಿಟ್ಟು ಬೇರೆ ಗಿಡಕ್ಕೆ ಹೋದವು. ಒಣಗುತ್ತಿರುವ ಗಿಡದ ಮೇಲೆ ಹುಟ್ಟಿದ ಮರಿ ಏನು ತಿಂದು ಬದುಕಬೇಕು, ಅಲ್ವಾ?

46,000 ವರ್ಷ ಹಿಮದಲ್ಲಿದ್ದ ಹುಳು ಎದ್ದು ಓಡಾಡಿತು ಅನ್ನುವುದು ಸುಳ್ಳು ಸುದ್ದಿ ತಾನೇ?

ಸುಳ್ಳಲ್ಲ. ಸೈಬೀರಿಯಾದ ಕೊಲಿಮಾ ನದಿಯ ಹತ್ತಿರ, 40 ಮೀಟರ್ ಆಳದ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಒಂದು ಹಳೇ ಅಳಿಲಿನ ಬಿಲದಲ್ಲಿ ಸಿಕ್ಕಿದ ದುಂಡುಹುಳು. ವಯಸ್ಸು ಅಳೆದದ್ದು ಹುಳುವಿನದ್ದಲ್ಲ, ಅದರ ಜೊತೆ ಇದ್ದ ಸಸ್ಯದ ಚೂರುಗಳದ್ದು. ನೀರು, ಆಹಾರ ಸಿಕ್ಕ ಮೇಲೆ ಅದು ಅಲುಗಾಡಿತು, ಗಂಡಿಲ್ಲದೆಯೇ ಮರಿ ಹಾಕುವ ಜಾತಿಯಾದ್ದರಿಂದ ಪ್ರಯೋಗಾಲಯದಲ್ಲಿ ಸಂತಾನವೂ ಬೆಳೆಯಿತು. ಹೊಸ ಜಾತಿ ಅಂತ ಖಚಿತವಾಗಿದ್ದು 2023ರಲ್ಲಿ. ಒಣಗುವ ಮೊದಲು ಟ್ರೆಹಲೋಸ್ ಅನ್ನುವ ಸಕ್ಕರೆಯನ್ನು ಮೈಯಲ್ಲಿ ತುಂಬಿಕೊಂಡು ಜೀವಕೋಶಗಳನ್ನು ಕಾಪಾಡಿಕೊಳ್ಳುವುದು ಇಂಥ ಹುಳುಗಳ ಉಪಾಯ.

ಬರಿಗಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಇದೆಯಾ?

ಇದೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದ ಕಾಂಡ್ಲಾ ಕಾಡಿನಲ್ಲಿ, ನೀರಿನಲ್ಲಿ ಮುಳುಗಿ ಕೊಳೆಯುತ್ತಿದ್ದ ಎಲೆಗಳ ಮೇಲೆ ಬಿಳಿ ಎಳೆಗಳಾಗಿ ಸಿಕ್ಕಿತು. ಒಂದು ಎಳೆ ಅಂದರೆ ಒಂದೇ ಜೀವಕೋಶ. ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಉದ್ದ, ಕೆಲವು ಎರಡರವರೆಗೂ. ಹೆಸರು ಥಯೋಮಾರ್ಗರೀಟಾ ಮ್ಯಾಗ್ನಿಫಿಕಾ. 2009ರಲ್ಲೇ ಕಣ್ಣಿಗೆ ಬಿದ್ದರೂ ಇದು ಬ್ಯಾಕ್ಟೀರಿಯಾ, ಅದೂ ಒಂದೇ ಕೋಶ ಅಂತ ಎಲ್ಲರೂ ಒಪ್ಪುವ ಹಾಗೆ ತೋರಿಸಿ ಪ್ರಕಟಿಸುವ ಹೊತ್ತಿಗೆ 2022 ಆಗಿತ್ತು. ಗಾತ್ರಕ್ಕಿಂತ ದೊಡ್ಡ ಅಚ್ಚರಿ ಒಳಗಿದೆ. ಬ್ಯಾಕ್ಟೀರಿಯಾದಲ್ಲಿ ಡಿಎನ್ಎ ಯಾವ ಹೊದಿಕೆಯೂ ಇಲ್ಲದೆ ಇರುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇದರಲ್ಲಿ ಪೊರೆ ಸುತ್ತಿದ ಪುಟ್ಟ ಚೀಲಗಳಲ್ಲಿ ಇದೆ.

‘ನೈಟ್ರೋಪ್ಲಾಸ್ಟ್’ ಅಂದರೇನು? ಅದಕ್ಕೆ ಯಾಕೆ ಅಷ್ಟು ಮಹತ್ವ?

ಈ ಪಟ್ಟಿಯಲ್ಲಿ ಒಂದನ್ನೇ ಓದುತ್ತೀರಿ ಅಂದರೆ ಇದನ್ನು ಓದಿ ಅಂತ ನಾನು ಹೇಳುತ್ತೇನೆ.

ಗಾಳಿಯಲ್ಲಿ 78 ಶೇಕಡಾ ಸಾರಜನಕವೇ. ಆದರೂ ಗಿಡಗಳಿಗೆ, ಪ್ರಾಣಿಗಳಿಗೆ ಅದು ನೇರವಾಗಿ ದಕ್ಕುವುದಿಲ್ಲ. ಗಾಳಿಯ ಸಾರಜನಕವನ್ನು ಬಳಸುವ ರೂಪಕ್ಕೆ ತರುವ ವಿದ್ಯೆ ಇರುವುದು ಕೆಲವು ಬ್ಯಾಕ್ಟೀರಿಯಾಗಳಿಗೆ ಮತ್ತು ಅವುಗಳಂಥ ಸೂಕ್ಷ್ಮಜೀವಿಗಳಿಗೆ ಮಾತ್ರ. ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿ ಇಂಥ ಬ್ಯಾಕ್ಟೀರಿಯಾ ಇರುತ್ತವೆ, ಆದರೆ ಅವು ಬಾಡಿಗೆದಾರರು. ಮಣ್ಣಿನಿಂದ ಬರುತ್ತವೆ, ಬೇಕಾದರೆ ಬೇರೆಯಾಗಿಯೂ ಬದುಕುತ್ತವೆ. ಗಿಡ, ಪ್ರಾಣಿ, ಪಾಚಿಗಳಂಥ ಜೀವಿಗಳ ಕೋಶದೊಳಗೇ ಈ ಕೆಲಸ ಮಾಡುವ ಸ್ವಂತ ಅಂಗ ಇಲ್ಲವೇ ಇಲ್ಲ ಅಂತ 2024ರವರೆಗೂ ನಂಬಿದ್ದೆವು.

ಕಥೆ ಶುರುವಾಗಿದ್ದು 1998ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಝೆಹರ್ ಪೆಸಿಫಿಕ್ ಸಾಗರದ ನೀರಿನಲ್ಲಿ ಒಂದು ಡಿಎನ್ಎ ತುಣುಕು ಕಂಡರು. ಸಾರಜನಕ ಹಿಡಿಯುವ ಯಾವುದೋ ಬ್ಯಾಕ್ಟೀರಿಯಾದ್ದು ಅನ್ನುವುದು ಸ್ಪಷ್ಟ. ಆದರೆ ಆ ಬ್ಯಾಕ್ಟೀರಿಯಾ ಎಲ್ಲಿ? ಡಿಎನ್ಎ ಸಿಗುತ್ತದೆ, ಜೀವಿ ಸಿಗುವುದಿಲ್ಲ. ವರ್ಷಗಟ್ಟಲೆ ಹುಡುಕಿದ ಮೇಲೆ ಅದು ಒಂದು ಏಕಕೋಶ ಪಾಚಿಯ ಒಳಗೆ ಇದೆ ಅಂತ ಗೊತ್ತಾಯಿತು.

ಅದೇ ಕಾಲಕ್ಕೆ ಜಪಾನಿನ ಕೋಚಿ ವಿಶ್ವವಿದ್ಯಾಲಯದಲ್ಲಿ ಕ್ಯೋಕೋ ಹಗಿನೋ ಅನ್ನುವವರು ಅದೇ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಒದ್ದಾಡುತ್ತಿದ್ದರು. ಅವರು ಪಳೆಯುಳಿಕೆಗಳ ಅಧ್ಯಯನದ ಕಡೆಯಿಂದ ಬಂದವರು. ಈ ಬ್ಯಾಕ್ಟೀರಿಯಾದ ಗೊಡವೆ ಅವರದ್ದಾಗಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ, 300ಕ್ಕೂ ಹೆಚ್ಚು ಸಲ ಸಮುದ್ರದ ನೀರು ತಂದು ತಂದು ಪ್ರಯತ್ನಿಸಿದರು. ಕೊನೆಗೂ ಪಾಚಿ ಬೆಳೆಯಿತು. ಅದು ಬೆಳೆಯದೇ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಸುದ್ದಿಯಲ್ಲಿ ಇಂಥ ಕೆಲಸಕ್ಕೆ ಅರ್ಧ ಸಾಲು ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಬೆನ್ನೆಲುಬು ಅದೇ.

ಪಾಚಿ ಕೈಗೆ ಸಿಕ್ಕ ಮೇಲೆ ಎರಡು ಪ್ರಶ್ನೆ ಕೇಳಿದರು. ಒಂದು, ಒಳಗಿರುವುದು ಪಾಚಿಯ ಜೊತೆ ತಾಳ ಹಾಕಿಕೊಂಡು ಬೆಳೆಯುತ್ತದಾ? ಎಕ್ಸ್-ರೇ ಚಿತ್ರಗಳಲ್ಲಿ ನೋಡಿದರೆ, ಪಾಚಿಯ ಕೋಶ ಎರಡಾಗುವಾಗ ಒಳಗಿನದ್ದೂ ಎರಡಾಗಿ, ಒಂದೊಂದು ಮರಿಕೋಶಕ್ಕೆ ಒಂದೊಂದು ಹೋಗುತ್ತಿತ್ತು. ಎರಡು, ಅದಕ್ಕೆ ಬೇಕಾದ ಪ್ರೋಟೀನನ್ನು ಅದೇ ಮಾಡಿಕೊಳ್ಳುತ್ತದಾ? ಇಲ್ಲ. ಎಷ್ಟೋ ಪ್ರೋಟೀನುಗಳನ್ನು ಪಾಚಿಯೇ ತಯಾರಿಸಿ, ಇಂಥಲ್ಲಿಗೆ ಹೋಗಬೇಕು ಅನ್ನುವ ಗುರುತು ಹಚ್ಚಿ ಒಳಗೆ ಕಳಿಸುತ್ತದೆ. ಇವೆರಡೂ ಇದ್ದರೆ ಅದು ಅತಿಥಿಯಲ್ಲ, ಅಂಗವೇ. ಆ ಅಂಗಕ್ಕೆ ಇಟ್ಟ ಹೆಸರೇ ನೈಟ್ರೋಪ್ಲಾಸ್ಟ್. ನಮ್ಮ ಕೋಶಗಳಲ್ಲಿ ಶಕ್ತಿ ಕೊಡುವ ಮೈಟೋಕಾಂಡ್ರಿಯಾ, ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಹುಟ್ಟಿದ್ದೂ ಹೀಗೇ, ನೂರಾರು ಕೋಟಿ ವರ್ಷಗಳ ಹಿಂದೆ. ಅವುಗಳ ಮುಂದೆ ಇದು ಎಳೆಯದು, ಸುಮಾರು 10 ಕೋಟಿ ವರ್ಷ ಹಳೆಯದು. ಒಂದು ಜೀವ ಇನ್ನೊಂದರ ಅಂಗವಾಗುವ ದಾರಿಯನ್ನು ಈಗ ಹತ್ತಿರದಿಂದ ನೋಡಬಹುದು.

ಇದರಿಂದ ಗೊಬ್ಬರವೇ ಬೇಡದ ಬೆಳೆ ಬರುತ್ತದಾ?

ಸದ್ಯಕ್ಕಿಲ್ಲ. ಸಮುದ್ರದ ಒಂದು ಏಕಕೋಶ ಪಾಚಿಯಲ್ಲಿ ಕೋಟಿಗಟ್ಟಲೆ ವರ್ಷದಲ್ಲಿ ಆಗಿದ್ದನ್ನು ಬೆಳೆಯ ಗಿಡದಲ್ಲಿ ಮಾಡುವುದು ದೂರದ ಮಾತು. ಹಾಗೆ ಆಗಲು ಸಾಧ್ಯ ಅನ್ನುವುದಂತೂ ಈಗ ಗೊತ್ತಾಗಿದೆ.

ಆಳಸಮುದ್ರದಲ್ಲಿ ಈಚೆಗೆ ಏನು ಸಿಕ್ಕಿತು?

ಎಷ್ಟೋ ಇವೆ, ಎರಡು ಹೇಳುತ್ತೇನೆ. ಎರಡೂ ‘ಫಾಲ್ಕರ್ (ಟೂ)’ ಅನ್ನುವ ಸಂಶೋಧನಾ ಹಡಗಿಗೆ 2025ರಲ್ಲಿ ಸಿಕ್ಕಿದ್ದು.

ಜನವರಿ 13ರಂದು ಅಂಟಾರ್ಕ್ಟಿಕಾದ ಜಾರ್ಜ್ 6 ಹಿಮಹಾಸಿನಿಂದ ಸುಮಾರು 510 ಚದರ ಕಿಲೋಮೀಟರ್ ವಿಸ್ತಾರದ ಹಿಮಗಡ್ಡೆ ಮುರಿದು ತೇಲಿಹೋಯಿತು. ಹಡಗು ಆಗ ಅದೇ ಸಮುದ್ರದಲ್ಲಿ ಬೇರೆ ಕೆಲಸದಲ್ಲಿತ್ತು. ತಂಡ ತನ್ನ ಯೋಜನೆ ಬದಲಿಸಿ, ಜನವರಿ 25ರಂದು ಹೊಸದಾಗಿ ತೆರೆದುಕೊಂಡ ಜಾಗ ತಲುಪಿತು. ಅಲ್ಲಿ ಹೆಚ್ಚೇನೂ ಇರಲಾರದು ಅಂದುಕೊಂಡಿದ್ದರು. ತಳಕ್ಕೆ ಕ್ಯಾಮೆರಾ ಇಳಿಸಿದರೆ ಹವಳ, ದೊಡ್ಡ ದೊಡ್ಡ ಸ್ಪಂಜು, ಹಿಮಮೀನು, ಕಡಲ ಜೇಡ, ಆಕ್ಟೋಪಸ್! 1,300 ಮೀಟರ್ ಆಳದವರೆಗೂ ಜೀವ ತುಂಬಿತ್ತು. ಕೆಲವು ಸ್ಪಂಜುಗಳ ಗಾತ್ರ ನೋಡಿದರೆ ಅವು ಹಿಮದ ಅಡಿಯಲ್ಲೇ ದಶಕಗಳಿಂದ, ಬಹುಶಃ ನೂರಾರು ವರ್ಷಗಳಿಂದ ಬೆಳೆದಿರಬೇಕು. ಬಿಸಿಲು ಕಾಣದ ಅಲ್ಲಿಗೆ ಆಹಾರ ಹೇಗೆ ತಲುಪುತ್ತದೆ ಅನ್ನುವುದನ್ನು ಈಗ ಹುಡುಕುತ್ತಿದ್ದಾರೆ, ಸಾಗರದ ಪ್ರವಾಹಗಳೇ ತರುತ್ತಿರಬಹುದು.

ಇನ್ನೊಂದು ಕೊಲೋಸಲ್ ಸ್ಕ್ವಿಡ್. ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲೇ ಅತಿ ತೂಕದ್ದು, 500 ಕೆಜಿಯವರೆಗೆ ಬೆಳೆಯಬಹುದು ಅನ್ನುವ ಅಂದಾಜಿದೆ. ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕಿದ ತೋಳುಗಳನ್ನು ನೋಡಿ 1925ರಲ್ಲಿ ಈ ಜಾತಿಗೆ ಹೆಸರಿಟ್ಟಿದ್ದರು. ಸರಿಯಾಗಿ ನೂರು ವರ್ಷದ ಮೇಲೆ, ಮಾರ್ಚ್ 9ರಂದು, ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಹತ್ತಿರ 600 ಮೀಟರ್ ಆಳದಲ್ಲಿ ಅದು ತನ್ನದೇ ಮನೆಯಲ್ಲಿ ಈಜುತ್ತಿರುವುದು ಮೊದಲ ಸಲ ಕ್ಯಾಮೆರಾಕ್ಕೆ ಬಿತ್ತು. ಸಿಕ್ಕಿದ್ದು 30 ಸೆಂಟಿಮೀಟರ್‌ನ ಮರಿ, ಗಾಜಿನಂತೆ ತಿಳಿಯಾದ ಮೈ. ತೋಳುಗಳ ನಡುಭಾಗದಲ್ಲಿದ್ದ ಕೊಕ್ಕೆಗಳಿಂದ ಗುರುತು ಹಿಡಿದರು.

ಸ್ಥಳೀಯ ಜನರಿಗೆ ಮೊದಲೇ ಗೊತ್ತಿದ್ದನ್ನು ‘ಪತ್ತೆ’ ಅನ್ನುವುದು ಸರೀನಾ?

ಪೂರ್ತಿ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಂಡೋನೇಷ್ಯಾದ ಪಪುವಾದಲ್ಲಿ ಸೈಕ್ಲೋಪ್ಸ್ ಅನ್ನುವ ಬೆಟ್ಟಸಾಲಿದೆ. ಅಲ್ಲಿನ ಉದ್ದಮೂತಿಯ ಎಕಿಡ್ನಾ, ಅಂದರೆ ಮೈತುಂಬ ಮುಳ್ಳಿದ್ದು ಮೊಟ್ಟೆ ಇಡುವ ಸಸ್ತನಿ, ವಿಜ್ಞಾನಿಗಳ ಕೈಗೆ 1961ರಲ್ಲಿ ಒಂದೇ ಒಂದು ಸಲ ಸಿಕ್ಕಿತ್ತು. ಆಮೇಲೆ ಪತ್ತೆಯೇ ಇಲ್ಲ. 2023ರಲ್ಲಿ ಆಕ್ಸ್‌ಫರ್ಡ್ ಮುಂದಾಳತ್ವದ ತಂಡ 80ಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಕಾಡಿನಲ್ಲಿ ಕಟ್ಟಿತು. ವಾರಗಟ್ಟಲೆ ಏನೂ ಬೀಳಲಿಲ್ಲ. ಕೊನೆಯ ದಿನ, ಕೊನೆಯ ಮೆಮೊರಿ ಕಾರ್ಡಿನಲ್ಲಿ ಅದು ನಡೆದುಹೋಗುವ ಚಿತ್ರ ಸಿಕ್ಕಿತು.

ಆದರೆ ಬೆಟ್ಟದ ಬುಡದಲ್ಲಿರುವ ಯೊಂಗ್ಸು ಸಪಾರಿ ಊರಿನವರಿಗೆ ಆ ಪ್ರಾಣಿ ಕಳೆದೇ ಹೋಗಿರಲಿಲ್ಲ. ಅವರಲ್ಲಿ ಒಂದು ಪದ್ಧತಿ ಇದೆ. ಇಬ್ಬರ ನಡುವೆ ಜಗಳವಾದರೆ ಒಬ್ಬರನ್ನು ಎಕಿಡ್ನಾ ಹುಡುಕಲು ಕಾಡಿಗೆ, ಇನ್ನೊಬ್ಬರನ್ನು ಮಾರ್ಲಿನ್ ಮೀನು ಹುಡುಕಲು ಸಮುದ್ರಕ್ಕೆ ಕಳಿಸುತ್ತಾರೆ. ಎರಡೂ ಸಿಗುವುದು ಎಷ್ಟು ಅಪರೂಪ ಅಂದರೆ, ಹುಡುಕುವುದರಲ್ಲೇ ವರ್ಷಗಳು, ಕೆಲವೊಮ್ಮೆ ಒಂದು ತಲೆಮಾರೇ ಕಳೆಯುತ್ತದೆ. ಸಿಕ್ಕ ದಿನ ಜಗಳ ಮುಗಿಯಿತು ಅಂತ ಲೆಕ್ಕ. ಒಂದು ಪ್ರಾಣಿ ಎಷ್ಟು ವಿರಳ ಅನ್ನುವುದನ್ನು ಇಷ್ಟು ಸರಿಯಾಗಿ ತಿಳಿದವರು ಇರುವಾಗ, ವಿಜ್ಞಾನಕ್ಕೆ ಸಿಕ್ಕಿದ್ದು ಪುರಾವೆ ಅನ್ನಬೇಕೇ ಹೊರತು ಮೊದಲ ಅರಿವು ಅನ್ನಬಾರದು. ಆ ಪುರಾವೆ ಮುಖ್ಯ, ಯಾಕೆಂದರೆ ಕಾಡು ಉಳಿಸಲು ಅದು ಬೇಕು.

ಬೆನ್ನು ಕ್ಷುದ್ರಗ್ರಹದಲ್ಲಿ ಜೀವ ಸಿಕ್ಕಿತಾ?

ಜೀವ ಅಲ್ಲ, ಜೀವಕ್ಕೆ ಬೇಕಾದ ಸಾಮಾನು. ನಾಸಾದ ಒಸೈರಿಸ್-ರೆಕ್ಸ್ ನೌಕೆ 2020ರಲ್ಲಿ ಬೆನ್ನುವಿನ ಮಣ್ಣು ಎತ್ತಿಕೊಂಡು, 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾ ಮರಳುಗಾಡಿಗೆ ಇಳಿಸಿತು. ಒಟ್ಟು 121.6 ಗ್ರಾಂ. ಡಬ್ಬಿಯ 35 ತಿರುಪುಗಳಲ್ಲಿ ಎರಡು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಭೂಮಿಯ ಗಾಳಿ, ಧೂಳು ಒಳಗೆ ಸೇರದ ಹಾಗೆ ಬಿಚ್ಚಬೇಕಿತ್ತು, ಅದಕ್ಕೇ ಹೊಸ ಸಲಕರಣೆ ಮಾಡಿಸಿ ಜನವರಿಯವರೆಗೂ ಕಾದರು. ಅಷ್ಟು ಮಡಿ ಯಾಕೆ ಅಂದರೆ, ಉಲ್ಕಾಶಿಲೆಗಳಲ್ಲಿ ಇಂಥ ವಸ್ತು ಸಿಕ್ಕಾಗೆಲ್ಲ ಭೂಮಿಯದ್ದೇ ಅಂಟಿಕೊಂಡಿರಬಹುದು ಅನ್ನುವ ಅನುಮಾನ ಉಳಿದುಬಿಡುತ್ತಿತ್ತು.

2025ರ ಜನವರಿಯಲ್ಲಿ ಫಲಿತಾಂಶ ಬಂತು. ಭೂಮಿಯ ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಇವೆ. ಡಿಎನ್ಎ, ಆರ್‌ಎನ್‌ಎಗಳಲ್ಲಿ ಮಾಹಿತಿಯ ‘ಅಕ್ಷರ’ಗಳ ಹಾಗೆ ಕೆಲಸ ಮಾಡುವ ಐದೂ ರಾಸಾಯನಿಕಗಳಿವೆ. ಉಪ್ಪುನೀರು ಆವಿಯಾಗಿ ಉಳಿದ ಲವಣಗಳೂ ಇವೆ. ಅಮೈನೋ ಆಮ್ಲಗಳಲ್ಲಿ ಎಡ, ಬಲ ಅಂತ ಎರಡು ರೂಪ ಇರುತ್ತದೆ, ಭೂಮಿಯ ಜೀವ ಎಡವನ್ನೇ ಬಳಸುತ್ತದೆ. ಬೆನ್ನುವಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಜೀವ ಎಡವನ್ನು ಆರಿಸಿಕೊಂಡಿದ್ದು ಯಾಕೆ ಅನ್ನುವ ಪ್ರಶ್ನೆ ಇದರಿಂದ ಇನ್ನಷ್ಟು ಬಿಗಿಯಾಯಿತು.

ಶನಿಗೆ ಒಮ್ಮೆಗೇ 128 ಹೊಸ ಚಂದ್ರರು ಬಂದಿದ್ದು ಎಲ್ಲಿಂದ?

ಬಂದಿದ್ದಲ್ಲ, ಕಂಡಿದ್ದು. ಕೆಲವೇ ಕಿಲೋಮೀಟರ್ ಅಗಲದ ಮಸುಕು ಬಂಡೆಗಳು. ಒಂದೇ ಜಾಗದ ಹಲವು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಹೊರಬಿದ್ದವು. 2025ರ ಮಾರ್ಚ್‌ನಲ್ಲಿ ಮಾನ್ಯತೆ ಸಿಕ್ಕಿ ಲೆಕ್ಕ 274ಕ್ಕೆ ಏರಿತು.

3ಐ/ಅಟ್ಲಾಸ್ ಬೇರೆ ಲೋಕದವರ ನೌಕೆಯಾ?

ಅಲ್ಲ, ಧೂಮಕೇತು. 2025ರ ಜುಲೈ 1ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕ ಇದನ್ನು ಹಿಡಿಯಿತು. 2017ರ ಓಮುವಾಮುವಾ, 2019ರ ಬೋರಿಸೋವ್ ಆದ ಮೇಲೆ ಬೇರೆ ನಕ್ಷತ್ರದ ಕಡೆಯಿಂದ ಬಂದ ಮೂರನೆಯ ಅತಿಥಿ. ಹೊರಗಿನದ್ದು ಅಂತ ಗೊತ್ತಾಗುವುದು ವೇಗದಿಂದ: ಸೂರ್ಯನ ಸೆಳೆತ ಹಿಡಿದಿಡಲಾರದಷ್ಟು ಜೋರಾಗಿ ಬಂದಿತ್ತು. ಜೇಮ್ಸ್ ವೆಬ್ ದೂರದರ್ಶಕ ನೋಡಿದಾಗ ಅದರ ಸುತ್ತ ಇಂಗಾಲದ ಡೈಆಕ್ಸೈಡ್ ಧಾರಾಳವಾಗಿತ್ತು. ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರವಿತ್ತು. ನೌಕೆ ಅನ್ನುವ ಗದ್ದಲದಲ್ಲಿ ಜನ ಮರೆತಿದ್ದು ಇದು: ನಾವು ಎಂದೂ ತಲುಪಲಾಗದ ಇನ್ಯಾವುದೋ ಸೂರ್ಯನ ಸುತ್ತ ಹುಟ್ಟಿದ ಹಿಮ, ಧೂಳನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಸುದ್ದಿ ಬೇಕಾ?

ಇವುಗಳಲ್ಲಿ ಮುಂದೆ ತಪ್ಪು ಅಂತ ಆಗಬಹುದಾದದ್ದು ಯಾವುದು?

ಇನ್ನೂ ತೀರ್ಮಾನವಾಗದ ಎರಡನ್ನು ಬೇಕಂತಲೇ ಇಲ್ಲಿಗೆ ಉಳಿಸಿಕೊಂಡೆ.

ಒಂದು, ‘ಕತ್ತಲಿನ ಆಮ್ಲಜನಕ’. ಪೆಸಿಫಿಕ್‌ನ 4,000 ಮೀಟರ್ ಆಳದಲ್ಲಿ, ಬೆಳಕೇ ಇಲ್ಲದ ಕಡೆ, ಲೋಹದ ಗಂಟುಗಳಿರುವ ತಳದಲ್ಲಿ ಆಮ್ಲಜನಕ ಉತ್ಪತ್ತಿಯಾಗುತ್ತಿದೆ ಅಂತ 2024ರಲ್ಲಿ ಒಂದು ತಂಡ ಹೇಳಿತು. ಗಂಟುಗಳ ಮೇಲೆ 0.95 ವೋಲ್ಟ್‌ವರೆಗೆ ವಿದ್ಯುತ್ ಅಳೆದರು, ಅದು ನೀರನ್ನು ಒಡೆಯುತ್ತಿರಬಹುದು ಅನ್ನುವುದು ವಾದ. ಅಳತೆಯ ಪೆಟ್ಟಿಗೆಯೊಳಗೆ ಮೇಲಿನ ಗಾಳಿಯೇ ಸಿಕ್ಕಿಕೊಂಡಿರಬಹುದು ಅಂತ ಬೇರೆ ವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. ಆ ಗಂಟುಗಳನ್ನು ಅಗೆಯಲು ಗಣಿ ಕಂಪನಿಗಳು ಕಾದಿರುವುದರಿಂದ ಜಗಳ ಇನ್ನೂ ಬಿಸಿ.

ಎರಡು, ಕೆ2-18ಬಿ. 124 ಜ್ಯೋತಿರ್ವರ್ಷ ದೂರದ ಈ ಗ್ರಹದ ಗಾಳಿಯಲ್ಲಿ ಡೈಮಿಥೈಲ್ ಸಲ್ಫೈಡ್ ಅಥವಾ ಅದರಂಥದ್ದೇ ಇನ್ನೊಂದು ಅನಿಲದ ಸುಳಿವು ಸಿಕ್ಕಿದೆ ಅಂತ ಕೇಂಬ್ರಿಜ್ ತಂಡ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಭೂಮಿಯಲ್ಲಿ ಅದನ್ನು ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳು ಬಿಡುತ್ತವೆ. ಆದರೆ ಸುಳಿವಿನ ಬಲ ‘3 ಸಿಗ್ಮಾ’. ಕಂಡದ್ದು ಬರೀ ಆಕಸ್ಮಿಕ ಅಲ್ಲ ಅಂತ ಎಷ್ಟು ಗಟ್ಟಿಯಾಗಿ ಹೇಳಬಹುದು ಅನ್ನುವುದರ ಅಳತೆ ಈ ಸಿಗ್ಮಾ. ಪತ್ತೆ ಅನ್ನಬೇಕಾದರೆ 5 ಬೇಕು. ಅದೇ ಅಂಕಿಅಂಶಗಳನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಗಟ್ಟಿ ಪುರಾವೆ ಸಿಗಲಿಲ್ಲ. ಸದ್ಯಕ್ಕೆ ಕಾಯಬೇಕು.

ಇಂಥ ಸುದ್ದಿ ಓದುವಾಗ ಏನು ನೋಡಬೇಕು?

ಮೊದಲು ಎಷ್ಟು ಪ್ರಾಣಿ, ಎಷ್ಟು ಸಲ ಅನ್ನುವುದನ್ನು ನೋಡಿ. ರಾಕಸ್ ಒಂದೇ. ಪೆಂಗ್ವಿನ್ 14. ಆಮೇಲೆ, ಅಳೆದದ್ದು ಏನು, ಹೇಳಿದ್ದು ಏನು ಅಂತ ಬೇರೆ ಮಾಡಿ. ಅಳೆದದ್ದು ಗಿಡದ ‘ಟಕ್’ ಶಬ್ದ, ತಲೆಬರಹ ಹೇಳಿದ್ದು ಕಿರುಚಾಟ. ಅಧ್ಯಯನದಲ್ಲಿ ಭಾಗಿಯಲ್ಲದ ಬೇರೊಬ್ಬ ತಜ್ಞರ ಮಾತು ವರದಿಯಲ್ಲಿ ಇದ್ದರೆ ಅದನ್ನು ತಪ್ಪದೆ ಓದಿ. ಎಷ್ಟೋ ಸಲ ಸತ್ಯದ ಅಳತೆ ಅಲ್ಲೇ ಸಿಗುತ್ತದೆ.

ನಮ್ಮಂಥ ಸಾಮಾನ್ಯರು ಇದರಲ್ಲಿ ಸೇರಬಹುದಾ?

ಖಂಡಿತ. 2007ರಲ್ಲಿ ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಸಾಮಾನ್ಯ ಜನರೂ ಅಂತರ್ಜಾಲದಲ್ಲಿ ಸೇರಬಹುದಾದ ‘ಗ್ಯಾಲಕ್ಸಿ ಝೂ’ ಯೋಜನೆಯಲ್ಲಿ ಗ್ಯಾಲಕ್ಸಿಗಳ, ಅಂದರೆ ನಕ್ಷತ್ರಗಳ ಬೃಹತ್ ಸಮೂಹಗಳ, ಫೋಟೋ ವಿಂಗಡಿಸುತ್ತಿದ್ದಾಗ, ಯಾರೂ ಗಮನಿಸದ ಒಂದು ಬಣ್ಣದ ಮಚ್ಚೆ ಕಂಡು ಇದೇನು ಅಂತ ಕೇಳಿದರು. ಅದು ಹೊಳೆಯುವ ಬೃಹತ್ ಅನಿಲಮೋಡ, ಅಂಥದ್ದನ್ನು ಅಲ್ಲಿಯವರೆಗೆ ಯಾರೂ ಗುರುತಿಸಿರಲಿಲ್ಲ. ಈಗ ಅವರ ಹೆಸರೇ ಅದಕ್ಕಿದೆ.

ಜೀವಿಗಳಲ್ಲಿ ಆಸಕ್ತಿ ಇದ್ದರೆ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣ ಸುಲಭ. ಕಂಡ ಹುಳು, ಹಕ್ಕಿ, ಗಿಡದ ಫೋಟೋ ಹಾಕಿದರೆ ತಿಳಿದವರು ಗುರುತಿಸುತ್ತಾರೆ, ಆ ದಾಖಲೆ ಸಂಶೋಧಕರಿಗೂ ಸಿಗುತ್ತದೆ. ಒಂದೇ ಕಡೆಯಿಂದ ತೆಗೆದ ಫೋಟೋ ಸಾಲದು. ಹೂವಿನ ಜೊತೆ ಎಲೆ, ಕಾಂಡವೂ ಬೇಕು. ಕೀಟವಾದರೆ ಮೇಲಿನಿಂದ, ಪಕ್ಕದಿಂದ ಎರಡೂ ಬೇಕು. ದಿನಾಂಕ ಮತ್ತು ಜಾಗ ಸರಿಯಾಗಿರಲಿ. ಅಪಾಯದಲ್ಲಿರುವ ಜಾತಿಯಾದರೆ ನಿಖರವಾದ ಜಾಗವನ್ನು ಆ ವ್ಯವಸ್ಥೆಯೇ ಮರೆಮಾಡುತ್ತದೆ. ಆದರೂ ಅಂಥದ್ದು ಕಂಡಾಗ ಬೇರೆಲ್ಲೂ ಜಾಗದ ಹೆಸರು ಹಾಕಬೇಡಿ, ಕಳ್ಳಬೇಟೆಯವರೂ ಫೋಟೋ ನೋಡುತ್ತಾರೆ.